‘ನರ್ವ್ ಗ್ರಾಫ್ಟ್’ಗೆ ‘ನರ ಕಸಿ’ ಅಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

ಕಲಬುರಗಿಯಲ್ಲಿ ಫಿಜಿಯೋಥೆರಪಿಗೆ ಬರುವವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಬೈಕಿನಿಂದ ಬಿದ್ದು ತೋಳಿನ ನರ ಹರಿದುಕೊಂಡವರು, ಹೈದರಾಬಾದಿಗೋ ಸೋಲಾಪುರಕ್ಕೋ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದವರು ಅದನ್ನು ಓದಬೇಕು, ಅವರ ಮನೆಯವರೂ ಓದಬೇಕು. ‘ನರ್ವ್ ಗ್ರಾಫ್ಟ್’, ಅಂದರೆ ಹರಿದ ನರದ ಎರಡು ತುದಿಗಳ ನಡುವೆ ಇನ್ನೊಂದು ನರದ ತುಂಡು ಹೊಲಿಯುವುದು. ಇದಕ್ಕೆ ಯಾವ ಪದ ಹಾಕುವುದು ಎಂಬಲ್ಲಿ ಬರವಣಿಗೆ ನಿಂತಿದೆ.

ಚರ್ಮ ಕಸಿ, ಕಿಡ್ನಿ ಕಸಿ ಬಳಕೆಯಲ್ಲಿವೆ. ಹಾಗಾಗಿ ‘ನರ ಕಸಿ’ ತಾನಾಗಿಯೇ ಬಾಯಿಗೆ ಬರುತ್ತದೆ. ಆದರೆ ಕಸಿ ಅಂದ ಕೂಡಲೇ ಇಲ್ಲಿನವರು ಕೇಳುವುದು, “ಯಾರ ನರ ಹಾಕ್ಯಾರ್ರಿ?” ಸಾಮಾನ್ಯವಾಗಿ ಹಾಕುವುದು ರೋಗಿಯದೇ ನರ. ಮೀನಖಂಡದ ಹಿಂದಿನಿಂದ ಪಾದದ ಹೊರ ಅಂಚಿಗೆ ಇಳಿಯುವ ಸೂರಲ್ ನರವನ್ನು ತೆಗೆಯುವುದು ಜಾಸ್ತಿ. ಅದು ಸ್ಪರ್ಶ ತಿಳಿಸುವ ನರ, ಕಾಲು ಆಡಿಸುವ ನರವಲ್ಲ. ನಡಿಗೆಗೆ ತೊಂದರೆಯಿಲ್ಲ, ಪಾದದ ಅಂಚು ಮಾತ್ರ ಮರಗಟ್ಟುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಕೈಗೆ ಆಪರೇಷನ್ ಆದವರು ಕಾಲು ಮುಟ್ಟಿ ನೋಡಿಕೊಂಡು ಹೆದರುತ್ತಾರೆ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಮಾವಿನ ಕಸಿಯಲ್ಲಿ ಕಟ್ಟಿದ ಕಡ್ಡಿಯೇ ಚಿಗುರಿ ಕಾಯಿ ಬಿಡುತ್ತದೆ. ನರದಲ್ಲಿ ಆಗುವುದು ಬೇರೆ. ನಡುವೆ ಹೊಲಿದ ತುಂಡಿನೊಳಗಿನ ಹಳೆಯ ಎಳೆಗಳು ಸತ್ತುಹೋಗುತ್ತವೆ. ಉಳಿಯುವುದು ಅವುಗಳ ಹೊದಿಕೆ, ಅದರಲ್ಲಿರುವ ಪೋಷಕ ಜೀವಕೋಶಗಳು. ಭುಜದ ಕಡೆಯಿಂದ ಹೊಸ ಎಳೆಗಳು ಆ ಹೊದಿಕೆಯೊಳಗೆ ಬೆಳೆಯುತ್ತಾ ಬರಬೇಕು, ದಿನಕ್ಕೆ ಸುಮಾರು 1 ಮಿಲಿಮೀಟರ್. ತಿಂಗಳಿಗೆ ಹೆಚ್ಚುಕಡಿಮೆ ಒಂದು ಇಂಚು. ಭುಜದಿಂದ ಮೊಣಕೈ ಕೆಳಗೆ ತಲುಪಲು ಎಷ್ಟು ತಿಂಗಳು ಬೇಕು ನೋಡಿ! ‘ಕಸಿ ಹತ್ತಿತು’ ಎಂಬ ಮಾತು ಕಿವಿಯಲ್ಲಿರುವವರು ಹೊಲಿಗೆ ಬಿಚ್ಚಿದ ದಿನವೇ ಕೈ ಏಳುತ್ತದೆ ಅಂದುಕೊಳ್ಳುತ್ತಾರೆ, ಏಳದಿದ್ದಾಗ ವ್ಯಾಯಾಮವನ್ನೇ ಬಿಟ್ಟುಬಿಡುತ್ತಾರೆ.

ಹರಿದ ಎರಡು ತುದಿಗಳನ್ನು ಎಳೆದು ನೇರವಾಗಿ ಹೊಲಿಯಬಾರದೇ ಎಂದೂ ಕೇಳುತ್ತಾರೆ. ಅಂತರ ಚಿಕ್ಕದಿದ್ದರೆ ಹೊಲಿಯಬಹುದು. ಬಿಗಿಯಾಗಿ ಎಳೆದರೆ ನರ ಸರಿಯಾಗಿ ಕೂಡುವುದಿಲ್ಲ. ಬಿಗಿತವಿಲ್ಲದೆ ನಡುವೆ ತುಂಡು ಕೊಡುವ ಪದ್ಧತಿಗೆ 1970ರ ದಶಕದಲ್ಲಿ ಗಟ್ಟಿ ನೆಲೆ ಒದಗಿಸಿದವರು ವಿಯೆನ್ನಾದ ಸರ್ಜನ್ ಹಾನೊ ಮಿಲೇಸಿ. ಅದಕ್ಕೇ ನೇರ ಹೊಲಿಗೆಗೆ ‘ನರ ಹೊಲಿಗೆ’, ಇದಕ್ಕೆ ‘ನರತುಂಡು ಜೋಡಣೆ’ ಎಂದು ಬರೆದುಕೊಂಡಿದ್ದೇನೆ. ಬೆನ್ನುಹುರಿಯಿಂದಲೇ ನರದ ಬೇರು ಕಿತ್ತುಬಂದಿದ್ದರೆ ತುಂಡು ಜೋಡಿಸಲು ಮೇಲಿನ ತುದಿಯೇ ಇರುವುದಿಲ್ಲ. ಆಗ ಕೆಲಸ ಮಾಡುತ್ತಿರುವ ಇನ್ನೊಂದು ನರದ ಎಳೆಯನ್ನು ಈ ಕಡೆ ತಿರುಗಿಸುತ್ತಾರೆ. ತೋಳಿನಿಂದ ಕಿರುಬೆರಳಿನ ಕಡೆಗೆ ಹೋಗುವ ಅಲ್ನರ್ ನರದ ಕೆಲವು ಎಳೆಗಳನ್ನು ಬೈಸೆಪ್ಸ್ ಸ್ನಾಯುವಿನ ನರಕ್ಕೆ ಜೋಡಿಸಿ ಮೊಣಕೈ ಮಡಿಸುವಂತೆ ಮಾಡುವ ವಿಧಾನವನ್ನು ಫ್ರಾನ್ಸಿನ ಓಬರ್ಲಿನ್ 1994ರಲ್ಲಿ ಪ್ರಕಟಿಸಿದರು. ಇದಕ್ಕೆ ‘ನರ ವರ್ಗಾವಣೆ’ಗಿಂತ ‘ನರ ತಿರುವು’ ನನಗೆ ಹಿಡಿಸುತ್ತದೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು ‘ಲಕ್ವಾ’. ಪೆಟ್ಟುಬಿದ್ದು ಕೈ ಜೋತುಬಿದ್ದರೂ “ಲಕ್ವಾ ಹೊಡದದ” ಅನ್ನುತ್ತಾರೆ. ಆ ಪದದ ಹಿಂದೆಯೇ ಎಣ್ಣೆ ತಿಕ್ಕುವುದು, ನಾಟಿ ಔಷಧಿ. ತಿಂಗಳುಗಳು ಸುಮ್ನೆ ಕಳೆದುಹೋಗುತ್ತವೆ. ನರ ಹರಿದಿದ್ದರೆ 3ರಿಂದ 6 ತಿಂಗಳೊಳಗೆ ಆಪರೇಷನ್ ಆಗುವುದು ಒಳ್ಳೆಯದು. ವರ್ಷ ದಾಟಿದರೆ ಸ್ನಾಯು ಸೊರಗಿ, ನರ ಬಂದು ತಲುಪಿದರೂ ಪ್ರಯೋಜನ ಕಡಿಮೆ. ಹಾಗಾಗಿ ಮೊದಲ ಪುಟದಲ್ಲೇ “ಇದು ಲಕ್ವಾ ಅಲ್ಲ, ನರ ಹರಿದಿದೆ” ಎಂದು ಹಾಕಬೇಕು ಅಂತಿದ್ದೇನೆ.

ಅಲ್ಲೂ ತೊಡಕಿದೆ. ಆಡುಮಾತಿನಲ್ಲಿ ರಕ್ತನಾಳವೂ ನರ, ಸ್ನಾಯುವಿನ ಹುರಿಯೂ ನರ. ದಖನಿ ಮಾತಾಡುವವರ ‘ನಸ್’ ಕೂಡ ಹೀಗೆಯೇ ಎಲ್ಲಕ್ಕೂ ಆಗುತ್ತದೆ. ಬೀದರ್, ಯಾದಗಿರಿ ಕಡೆಯವರೇ, ಬರೀ ಸ್ಪರ್ಶ ಮತ್ತು ಚಲನೆಯ ನರಕ್ಕೆ ನಿಮ್ಮ ಮನೆಗಳಲ್ಲಿ ಬೇರೆ ಮಾತಿದೆಯೇ? ‘ನರತುಂಡು ಜೋಡಣೆ’ ಓದಿದರೆ ಹಿರಿಯರಿಗೆ ಏನು ಅರ್ಥವಾಗುತ್ತದೆ ಎಂದು ಕೇಳಿ ತಿಳಿಸಿ.