ಹತ್ತನೇ ತರಗತಿ ಮುಗಿದ ಮೇಲೆ ಮಗನಿಗೆ ಮುಂದೇನು?

ಪ್ರಶ್ನೆ: ಹೊಸನಗರ ತಾಲ್ಲೂಕಿನ ತಾಯಿ
ಎಲ್ಲರಿಗೂ ನಮಸ್ಕಾರ. ಬೌದ್ಧಿಕ ಅಸಾಮರ್ಥ್ಯವಿರುವ ನನ್ನ ಮಗ ಊರಿನ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಯಲ್ಲಿದ್ದಾನೆ. ಅವನಿಗೀಗ 16 ವರ್ಷ. ಓದುಬರಹ ಕಷ್ಟವಾದರೂ ಕೊಯ್ಲಿನ ದಿನಗಳಲ್ಲಿ ಉದುರಿದ ಅಡಿಕೆ ಹೆಕ್ಕುವುದು, ಬೇಯಿಸಿದ್ದನ್ನು ಅಟ್ಟದ ಮೇಲೆ ಹರವುವುದು, ಇವನ್ನೆಲ್ಲ ಬೇಸರವಿಲ್ಲದೆ ಮಾಡುತ್ತಾನೆ. ಶಾಲೆಯಲ್ಲಿ ವಿಚಾರಿಸಿದರೆ ‘ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ’ ಎನ್ನುತ್ತಾರೆ. ಆಮೇಲೆ ಅವನು ಜಗಲಿಯಲ್ಲೇ ಕುಳಿತುಬಿಡುತ್ತಾನೇನೋ ಎಂಬ ಭಯ ನನ್ನದು. ಈಗಿನಿಂದಲೇ ಮಾಡಿಕೊಳ್ಳಬೇಕಾದ ಸಿದ್ಧತೆಗಳನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ತೀರ್ಥಹಳ್ಳಿಯ ವಿಶೇಷ ಶಿಕ್ಷಕಿ
ಈಗಲೇ ಕೇಳಿದ್ದು ಒಳ್ಳೆಯದಾಯಿತು. ಇಂಥ ವಿದ್ಯಾರ್ಥಿಗೆ 16 ತುಂಬುವ ಹೊತ್ತಿಗೆ ಅವನ ಮುಂದಿನ ಬದುಕಿನ ಯೋಜನೆಯನ್ನು ಶಾಲೆಯೇ ಬರೆದಿಡಬೇಕು, ಆ ಸಭೆಗೆ ಅವನನ್ನೂ ಕರೆಯಬೇಕು ಎಂದು ಅಮೆರಿಕದ ಕಾನೂನು ಹೇಳುತ್ತದೆ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವ ಮಕ್ಕಳಿಗೆ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆಯಾದರೂ, ಶಾಲೆಯಾಚೆಗಿನ ಬದುಕನ್ನು ಯೋಚಿಸುವ ಹೊಣೆ ಬಹುಮಟ್ಟಿಗೆ ಮನೆಯವರ ಮೇಲೆಯೇ ಬೀಳುತ್ತದೆ.

ಎಲ್ಲಕ್ಕಿಂತ ಮೊದಲು ಮಗನನ್ನೇ ಕೇಳಿ. ಹೇಳಲಾರದಿದ್ದರೆ ರಜೆಯಲ್ಲಿ ಎರಡು ಮೂರು ಬಗೆಯ ಕೆಲಸಗಳನ್ನು ಕೆಲವು ದಿನ ಮಾಡಿಸಿ, ಯಾವುದಕ್ಕೆ ತಾನಾಗಿಯೇ ಎದ್ದು ಹೊರಡುತ್ತಾನೆಂದು ಗಮನಿಸಿ. ಒಬ್ಬನೇ ಬಸ್ಸಿನಲ್ಲಿ ಹೋಗಿಬರುವುದು, ಚಿಲ್ಲರೆ ಎಣಿಸುವುದು, ದಾರಿ ತಪ್ಪಿದರೆ ಮನೆಗೆ ಫೋನ್ ಮಾಡುವುದು ಅಂಕಗಳಿಗಿಂತ ಮುಖ್ಯವೆಂದು ನಾನು ನಂಬಿದ್ದೇನೆ. ಎಸ್ಸೆಸ್ಸೆಲ್ಸಿ ಭಾರವೆನಿಸಿದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ ವೃತ್ತಿ ಕೋರ್ಸುಗಳೂ ಇವೆ.

ಉತ್ತರ: ಸಾಗರದ ಒಬ್ಬ ತಂದೆ
ನನ್ನ ಮಗಳಿಗೆ 18 ತುಂಬಿದ ಮೇಲೆ ಬ್ಯಾಂಕಿನಲ್ಲಿ ನನ್ನ ಸಹಿ ನಡೆಯಲಿಲ್ಲ. ಆಗಲೇ ನನಗೆ ಪೋಷಕತ್ವದ, ಅಂದರೆ ವಯಸ್ಕರಾದ ಮೇಲೂ ಅವರ ಪರವಾಗಿ ತೀರ್ಮಾನಿಸುವ ಕಾನೂನುಬದ್ಧ ಅಧಿಕಾರದ, ವಿಷಯ ಗೊತ್ತಾದದ್ದು. ಅದಕ್ಕೆ 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಸಮಿತಿಗೆ ಅರ್ಜಿ ಕೊಡಬೇಕಾಗುತ್ತದೆ. ಇದೇ ನ್ಯಾಸದ ‘ನಿರಾಮಯ’ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗಿನದು. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇಲ್ಲದಿದ್ದರೆ ಮಳೆಗಾಲಕ್ಕೆ ಮೊದಲೇ ಮಾಡಿಸಿಬಿಡಿ.

ಉತ್ತರ: ತೀರ್ಥಹಳ್ಳಿಯ ವಿಶೇಷ ಶಿಕ್ಷಕಿ
ಒಂದು ಮಾತು ಸೇರಿಸುತ್ತೇನೆ. ಪೋಷಕರ ನೇಮಕ ಎಲ್ಲರಿಗೂ ಬೇಕಾಗುವುದಿಲ್ಲ. ಸ್ವಲ್ಪ ನೆರವಿನಿಂದ ತನ್ನ ವಿಷಯವನ್ನು ತಾನೇ ತೀರ್ಮಾನಿಸಬಲ್ಲವನ ಕೈಯಿಂದ ಆ ಅಧಿಕಾರವನ್ನು ಕಿತ್ತುಕೊಳ್ಳಬಾರದು.

ಉತ್ತರ: ಹೊಸನಗರ ತಾಲ್ಲೂಕಿನ ತಾಯಿ
ಇಬ್ಬರಿಗೂ ಕೃತಜ್ಞಳಾಗಿದ್ದೇನೆ. ನಿನ್ನೆ ರಾತ್ರಿ ಅವನನ್ನೇ ಕೇಳಿದೆ. ಅಡಿಕೆ ಕೆಲಸವೆನ್ನುತ್ತಾನೆಂದು ಎಣಿಸಿದ್ದೆ. ಅವನು ಬಸ್ ನಿಲ್ದಾಣದ ಪಕ್ಕದ ಹೂವಿನ ಅಂಗಡಿಯ ಹೆಸರು ಹೇಳಿದ. ರಜೆಯಲ್ಲಿ ದಿನಕ್ಕೊಂದು ಗಂಟೆ ಅಲ್ಲಿ ಕೂರಿಸಿಕೊಳ್ಳುವಿರಾ ಎಂದು ಅಂಗಡಿಯವರನ್ನು ಭಾನುವಾರ ಕೇಳಲಿದ್ದೇನೆ.