ಜರ್ಮೇನಿಯಂ ಫಜ್ ಅರ್ಧ ಗಂಟೆಗೆ ಸತ್ತುಹೋಗುತ್ತದೆ, ತಲೆ ಕೆಟ್ಟಿದೆ, ಯಾರಾದರೂ ಹೇಳಿ

ಡೊಂಬಿವಲಿ_ಸ್ಟ್ರಾಟ್ | ಮಂಗಳವಾರ, ರಾತ್ರಿ 11:52

ಮೂರು ವಾರದಿಂದ ಇದೇ ಗೋಳು. ನಾನೇ ಕಟ್ಟಿದ ಫಜ್ ಫೇಸ್, ಅಂದರೆ ಗಿಟಾರ್ ಸದ್ದನ್ನು ಒರಟಾಗಿಸುವ ಪೆಡಲ್, ಒಳಗೆ ಎರಡು ಜರ್ಮೇನಿಯಂ ಟ್ರಾನ್ಸಿಸ್ಟರ್. ಮನೆಯಲ್ಲಿ ಬೆಣ್ಣೆ ಥರ ಇರುತ್ತದೆ. ಚೆಂಬೂರಿನ ಪ್ರಾಕ್ಟೀಸ್ ರೂಮಿಗೆ ಹೊತ್ತುಕೊಂಡು ಹೋದರೆ ಮೊದಲ ನಾಲ್ಕೈದು ಹಾಡು ಸರಿ. ಆಮೇಲೆ ಸದ್ದು ಹರಿಯೋಕೆ ಶುರು. ಒಂದು ಸ್ವರ ಹಿಡಿದು ನಿಲ್ಲಿಸಿದರೆ ಬಾಲ ಕತ್ತರಿಸಿದ ಹಾಗೆ ಥಟ್ಟಂತ ನಿಂತುಹೋಗುತ್ತದೆ. ಮೆಲ್ಲಗೆ ಮೀಟಿದರೆ ಸದ್ದೇ ಇಲ್ಲ. ಜೋರಾಗಿ ಮೀಟಿದರೆ ಹಳೇ ಪಂಚೆ ಹರಿದ ಹಾಗೆ ಪರ್ರ್ ಅನ್ನುತ್ತದೆ. ವಾಪಸ್ ಮನೆಗೆ ತಂದು ಹಾಕಿದರೆ ಮತ್ತೆ ಬೆಣ್ಣೆ! ಬೆಸುಗೆ ಎಲ್ಲ ಎರಡು ಸಲ ಹೊಸದಾಗಿ ಹಾಕಿದೆ. ಕೇಬಲ್ ಬದಲಿಸಿದೆ. ಬರುವ ತಿಂಗಳು ಶೋ ಇದೆ. ಏನು ಮಾಡಲಿ?

ಮಾಟುಂಗಾ_ಮಾರಾಯ | ಬುಧವಾರ, ಬೆಳಿಗ್ಗೆ 7:10

ಪ್ರಾಕ್ಟೀಸ್‌ನಲ್ಲಿ ಫಜ್ ಮುಂದೆ ಟ್ಯೂನರ್ ಇದೆಯಾ ಮಾರಾಯ್ರೆ? ಮನೆಯಲ್ಲಿ ಇಲ್ಲ ಅಲ್ವಾ? ಮುಗಿಯಿತು, ಅದೇ ಕಳ್ಳ. ಟ್ಯೂನರ್ ಆಫ್ ಇದ್ದರೂ ಒಳಗಿನ ಬಫರ್, ಅಂದರೆ ಸಿಗ್ನಲ್ ಗಟ್ಟಿ ಮಾಡಿ ಮುಂದೆ ಕಳಿಸುವ ಸರ್ಕ್ಯೂಟ್, ಆಫ್ ಆಗೋದಿಲ್ಲ. ಫಜ್ ಫೇಸ್ ಬೇರೆ ಪೆಡಲ್ ಥರ ಅಲ್ಲ. ಅದಕ್ಕೆ ಗಿಟಾರಿನ ಪಿಕಪ್ ನೇರವಾಗಿ ಸಿಗಬೇಕು. ಮಧ್ಯೆ ಬಫರ್ ಬಂದರೆ ಗಿಟಾರಿನ ವಾಲ್ಯೂಮ್ ಇಳಿಸಿದಾಗ ಸದ್ದು ತಿಳಿಯಾಗುವ ಆ ಜಾದೂ ಹೋಯಿತು, ಕರ್ಕಶ ಆಗುತ್ತದೆ. ಫಜ್ ಮೊದಲು, ಟ್ಯೂನರ್ ಆಮೇಲೆ. ನೂರು ಸಲ ಹೇಳಿದ್ದೇನೆ ಇಲ್ಲಿ.

ಮಡಗಾಂವ್_ಮಫ್ | ಬುಧವಾರ, ಬೆಳಿಗ್ಗೆ 9:31

ಡೊಂಬಿವಲಿಯಿಂದ ಲೋಕಲ್, ಕುರ್ಲಾದಲ್ಲಿ ಗಾಡಿ ಬದಲಿಸಿ ಚೆಂಬೂರ್. ಆ ನೂಕಾಟದಲ್ಲಿ ಮನುಷ್ಯರ ಮೂಳೆಯೇ ಸಡಿಲ ಆಗುತ್ತದೆ, ಪೆಡಲ್ ಯಾವ ಲೆಕ್ಕ? ಒಳಗೆ ಯಾವುದೋ ವೈರ್ ಬಿಟ್ಟಿದೆ.

ಡೊಂಬಿವಲಿ_ಸ್ಟ್ರಾಟ್ | ಬುಧವಾರ, ಮಧ್ಯಾಹ್ನ 1:15

ವೈರ್ ಬಿಟ್ಟಿದ್ದರೆ ಹೋದ ತಕ್ಷಣ ಕೆಡಬೇಕಿತ್ತಲ್ಲ? ಮೊದಲ ಅರ್ಧ ಗಂಟೆ ಚೆನ್ನಾಗಿಯೇ ಇರುತ್ತದೆ ಅಂತ ಹೇಳಿದೆನಲ್ಲ. ಟ್ಯೂನರ್ ಹೌದು, ಮುಂದೆ ಇದೆ. ಇವತ್ತು ಸಂಜೆ ಪ್ರಾಕ್ಟೀಸ್, ತೆಗೆದು ನೋಡುತ್ತೇನೆ.

ಕೋಥ್ರೂಡ್_ಕೆಪಾಸಿಟರ್ | ಬುಧವಾರ, ಸಂಜೆ 4:40

ಮೊದಲು ಕೆಲವು ವಿಷಯ ಹೇಳಿ. ಯಾವ ಟ್ರಾನ್ಸಿಸ್ಟರ್? ಪಿಎನ್‌ಪಿ ಆದರೆ ಪಾಸಿಟಿವ್ ಗ್ರೌಂಡ್, ಅಂದರೆ ಬ್ಯಾಟರಿಯ ಪ್ಲಸ್ ಕಡೆ ಗ್ರೌಂಡಿಗೆ, ಕಟ್ಟಿದ್ದೀರಾ? ಬ್ಯಾಟರಿಯೋ ಅಡಾಪ್ಟರೋ? ಪಾಸಿಟಿವ್ ಗ್ರೌಂಡ್ ಪೆಡಲನ್ನು ಉಳಿದವುಗಳ ಜೊತೆ ಒಂದೇ ಅಡಾಪ್ಟರಿನ ಕವಲು ವೈರಿಗೆ, ಅಂದರೆ ಡೇಸಿ ಚೈನ್‌ಗೆ ಸಿಕ್ಕಿಸಿದರೆ ಅಡಾಪ್ಟರ್ ನೇರ ಶಾರ್ಟ್ ಆಗುತ್ತದೆ. ಇನ್ನೊಂದು, ಆ ಪ್ರಾಕ್ಟೀಸ್ ರೂಮಿನಲ್ಲಿ ಎಸಿ ಇದೆಯಾ?

ಡೊಂಬಿವಲಿ_ಸ್ಟ್ರಾಟ್ | ಬುಧವಾರ, ರಾತ್ರಿ 11:20

ಟ್ಯೂನರ್ ತೆಗೆದೆ. ಏನೂ ಬದಲಾಗಲಿಲ್ಲ. ಮೂವತ್ತು ನಿಮಿಷಕ್ಕೆ ಮತ್ತೆ ಪರ್ರ್.

ಬ್ಯಾಟರಿ ಮಾತ್ರ. ಅಡಾಪ್ಟರ್ ತೂತನ್ನೇ ಕೊರೆದಿಲ್ಲ. ಪಾಸಿಟಿವ್ ಗ್ರೌಂಡ್. ಎಸಿ ಎರಡಿದೆ, ಎರಡೂ ಬಿಇಎಲ್‌ನವು.

ಕೋಥ್ರೂಡ್_ಕೆಪಾಸಿಟರ್ | ಬುಧವಾರ, ರಾತ್ರಿ 11:34

ಬಿಇಎಲ್ ಯಾವಾಗ ಎಸಿ ಮಾಡುತ್ತಿತ್ತು? ನಾನು ಕೇಳಿದ್ದು ರೂಮ್ ತಣ್ಣಗಿಡುವ ಎಸಿ.

ಡೊಂಬಿವಲಿ_ಸ್ಟ್ರಾಟ್ | ಬುಧವಾರ, ರಾತ್ರಿ 11:38

ಅಯ್ಯೋ. ನಾನು ಎಸಿ 128 ಟ್ರಾನ್ಸಿಸ್ಟರ್ ಅಂದುಕೊಂಡೆ. ಅಜ್ಜನ ಹಳೇ ರೇಡಿಯೋದಿಂದ ಕಿತ್ತಿದ್ದು. ರೂಮಿನ ಎಸಿ ಭರ್ಜರಿಯಾಗಿದೆ. 18ಕ್ಕೆ ಇಟ್ಟು ಎಲ್ಲರೂ ನಡುಗುತ್ತಾ ಬಾರಿಸುತ್ತೇವೆ. ನನ್ನ ಮನೆಯಲ್ಲೇ ಎಸಿ ಇಲ್ಲ.

ಕೋಥ್ರೂಡ್_ಕೆಪಾಸಿಟರ್ | ಬುಧವಾರ, ರಾತ್ರಿ 11:45

ಹಾಗಾದರೆ ಕಾವು ಅಲ್ಲ. ನನ್ನ ಅನುಮಾನ ಅದೇ ಇತ್ತು. ಜರ್ಮೇನಿಯಂ ಸೆಖೆ ತಾಳೋದಿಲ್ಲ. ಆದರೆ ನಿಮ್ಮ ಲೆಕ್ಕ ಉಲ್ಟಾ ಇದೆ, ತಣ್ಣಗಿರುವ ಕಡೆ ಕೆಡುತ್ತದೆ, ಬೆವರುವ ಕಡೆ ಸರಿ ಇರುತ್ತದೆ. ಯೋಚಿಸಬೇಕು.

ಮಾಟುಂಗಾ_ಮಾರಾಯ | ಗುರುವಾರ, ಬೆಳಿಗ್ಗೆ 7:02

ಟ್ಯೂನರ್ ತೆಗೆದಿರಿ, ಸರಿ. ವಾ ಪೆಡಲ್ ಇದೆಯಾ? ವಾ ಮುಂದಿದ್ದರೂ ಫಜ್ ಫೇಸ್ ಕೂಗಾಡುತ್ತದೆ. ವೈರ್‌ಲೆಸ್ ಇದೆಯಾ? ಅದೂ ಬಫರೇ. ಬಫರ್ ಎಲ್ಲೋ ಅಡಗಿದೆ, ನೀವು ನೋಡುತ್ತಿಲ್ಲ ಅಷ್ಟೇ.

ಡೊಂಬಿವಲಿ_ಸ್ಟ್ರಾಟ್ | ಗುರುವಾರ, ಬೆಳಿಗ್ಗೆ 8:20

ವಾ ಇಲ್ಲ. ವೈರ್‌ಲೆಸ್ ಇಲ್ಲ. ಗಿಟಾರ್, ಫಜ್, ಆಂಪ್. ಅಷ್ಟೇ!!

ಮಡಗಾಂವ್_ಮಫ್ | ಗುರುವಾರ, ಬೆಳಿಗ್ಗೆ 10:05

ಬ್ಯಾಟರಿ ಯಾವುದು? ಆಲ್ಕಲೈನ್ ಹಾಕಿದ್ದರೆ ಕಿತ್ತುಹಾಕಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಸಾದಾ ಕಾರ್ಬನ್ ಝಿಂಕ್ ಹಾಕಿ. ಅರ್ಧ ಸತ್ತ ಬ್ಯಾಟರಿ ಆದರೆ ಇನ್ನೂ ಒಳ್ಳೆಯದು. ಆ ಹಳೇ ರೆಕಾರ್ಡಿನ ಮೆದು ಸದ್ದು ಅದರಲ್ಲೇ ಇರೋದು.

ಮಾಟುಂಗಾ_ಮಾರಾಯ | ಗುರುವಾರ, ಬೆಳಿಗ್ಗೆ 10:40

ಬ್ಯಾಟರಿಗೆ ಕಿವಿ ಇದೆಯಾ, ಮೂಗಿದೆಯಾ? ಸುಮ್ನೆ ಏನೇನೋ ಹೇಳಬೇಡಿ.

ಕೋಥ್ರೂಡ್_ಕೆಪಾಸಿಟರ್ | ಗುರುವಾರ, ಮಧ್ಯಾಹ್ನ 2:12

ಈ ಸರ್ಕ್ಯೂಟ್ ಎಳೆಯೋದು ಒಂದು ಮಿಲಿಆಂಪ್‌ಗಿಂತ ಕಡಿಮೆ. ಬ್ಯಾಟರಿಯ ಒಳರೋಧ 40 ಓಮ್ ಅಂತಿಟ್ಟುಕೊಂಡರೂ 40 ಮಿಲಿವೋಲ್ಟ್ ಕೂಡ ಬೀಳೋದಿಲ್ಲ. ಅರ್ಧ ಸತ್ತ ಬ್ಯಾಟರಿ ಬೇರೆ ಮಾತು, ಅಲ್ಲಿ ವೋಲ್ಟೇಜೇ 9 ಇರದೆ ಏಳೂವರೆ ಎಂಟಕ್ಕೆ ಬಂದಿರುತ್ತದೆ. ಅದು ಕಿವಿಗೆ ಗೊತ್ತಾಗುತ್ತದೆ. ಕಾರ್ಬನ್ ಝಿಂಕ್ ಅನ್ನೋ ಹೆಸರಿಗಲ್ಲ.

ಮಡಗಾಂವ್_ಮಫ್ | ಗುರುವಾರ, ಸಂಜೆ 6:30

ನಿಮಗೆ ಮೀಟರ್ ಓದೋಕೆ ಬರುತ್ತದೆ, ನನಗೆ ಕೇಳೋಕೆ ಬರುತ್ತದೆ. ನನ್ನ ಬೋರ್ಡಿನಲ್ಲಿ ಮೂರು ಫಜ್ ಇವೆ. ಒಂದು ಜರ್ಮೇನಿಯಂ, ಒಂದು ಬಿ.ಸಿ. 108 ಸಿಲಿಕಾನ್ ಟ್ರಾನ್ಸಿಸ್ಟರಿನದು, ಒಂದು ಬಿಗ್ ಮಫ್. ಆಮೇಲೆ ಯೂನಿವೈಬ್ ನಕಲು, ಟೇಪ್ ಎಕೋ. ನೂರು ವಾಟ್ ವಾಲ್ವ್ ಹೆಡ್, ಅಂದರೆ ಆಂಪ್. ಸೀಸನ್‌ನಲ್ಲಿ ವಾರಕ್ಕೆ ನಾಲ್ಕು ರಾತ್ರಿ ಬೀಚಿನ ಪಕ್ಕ ಬಾರಿಸುತ್ತೇನೆ. ಮಳೆಗಾಲದಲ್ಲಿ ಮನೆಯಲ್ಲಿ ಕೂತರೆ ಜರ್ಮೇನಿಯಂ ಫಜ್‌ನಲ್ಲಿ ಆಕಾಶವಾಣಿ ವಾರ್ತೆ ಕೇಳಿಸುತ್ತದೆ. ನಿಜವಾಗಿಯೂ. ಅದೇ ಅಸಲಿ ಪೆಡಲಿನ ಗುರುತು.

ಕೋಥ್ರೂಡ್_ಕೆಪಾಸಿಟರ್ | ಗುರುವಾರ, ಸಂಜೆ 6:48

ಅದು ಇನ್‌ಪುಟ್ಟಿನಲ್ಲಿ 100 ಪಿಕೋಫ್ಯಾರಡ್ ಕೆಪಾಸಿಟರ್ ಇಲ್ಲ ಅನ್ನೋದರ ಗುರುತು. ಎರಡು ರೂಪಾಯಿ ಕೆಲಸ.

ಮಾಟುಂಗಾ_ಮಾರಾಯ | ಗುರುವಾರ, ರಾತ್ರಿ 9:00

ಅಸಲಿ ಅಂದರೆ ಎನ್‌ಕೆಟಿ 275 ಟ್ರಾನ್ಸಿಸ್ಟರ್. 1966ರಲ್ಲಿ ಲಂಡನ್ನಿನಲ್ಲಿ ಆರ್ಬಿಟರ್ ಕಂಪನಿ ತಂದ ದುಂಡನೆಯ ಫಜ್ ಫೇಸಿನ ಶುರುವಿನ ದಿನಗಳಲ್ಲಿ ಇದ್ದದ್ದು ಅದು. ರೇಡಿಯೋದಿಂದ ಕಿತ್ತ ಎಸಿ 128 ಹಾಕಿಕೊಂಡು ಹೆಂಡ್ರಿಕ್ಸ್ ಸದ್ದು ಬೇಕು ಅಂದರೆ ಹೇಗೆ?

ಡೊಂಬಿವಲಿ_ಸ್ಟ್ರಾಟ್ | ಗುರುವಾರ, ರಾತ್ರಿ 9:14

ಬಿಇಎಲ್ ಬಗ್ಗೆ ಮಾತಾಡಬೇಡಿ ಸಾರ್. ಜಾಲಹಳ್ಳಿ ಮಾಲು. ಮನೆಯಲ್ಲಿ ಹೆಂಡ್ರಿಕ್ಸೇ ಬಂದು ಕೂತ ಹಾಗಿರುತ್ತದೆ. ಚೆಂಬೂರಿಗೆ ಬರೋಕೆ ಮಾತ್ರ ಒಪ್ಪುತ್ತಿಲ್ಲ.

ಕೋಥ್ರೂಡ್_ಕೆಪಾಸಿಟರ್ | ಗುರುವಾರ, ರಾತ್ರಿ 9:50

ಹೆಸರಲ್ಲಿ ಏನೂ ಇಲ್ಲ. ಗೇನ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆ ಅನ್ನೋದು) ಮತ್ತು ಸೋರಿಕೆ ಅಳೆದು ಆರಿಸಿದರೆ ಎಸಿ 128 ಯಾವುದಕ್ಕೂ ಕಡಿಮೆ ಅಲ್ಲ. ಮೊದಲ ಟ್ರಾನ್ಸಿಸ್ಟರಿನ ಗೇನ್ 70ರ ಆಸುಪಾಸು, ಎರಡನೆಯದರದ್ದು 110, 120. ಅಳೆದಿದ್ದೀರಾ? ಬರೀ ಮಲ್ಟಿಮೀಟರಿನ ಗೇನ್ ತೂತಿಗೆ ಸಿಕ್ಕಿಸಿದ್ದರೆ ಅದು ಸುಳ್ಳು ಹೇಳುತ್ತದೆ. ಸೋರಿಕೆಯನ್ನೂ ಗೇನ್ ಅಂತಲೇ ಎಣಿಸಿಬಿಡುತ್ತದೆ.

ಒಂದು ಕೆಲಸ ಮಾಡಿ. ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರ್ ಕಾಲಿನ ವೋಲ್ಟೇಜ್ ಮನೆಯಲ್ಲಿ ಅಳೆಯಿರಿ. ಬ್ಯಾಟರಿಯ ಅರ್ಧದಷ್ಟು, ನಾಲ್ಕೂವರೆ ಸುತ್ತಮುತ್ತ ಇರಬೇಕು. ಆಮೇಲೆ ಪ್ರಾಕ್ಟೀಸ್‌ನಲ್ಲಿ ಕೆಟ್ಟ ಆ ಕ್ಷಣದಲ್ಲೇ ಮತ್ತೆ ಅಳೆಯಿರಿ. ಪ್ಲಗ್ ಕೀಳಬೇಡಿ.

ಡೊಂಬಿವಲಿ_ಸ್ಟ್ರಾಟ್ | ಭಾನುವಾರ, ರಾತ್ರಿ 10:30

ಹೌದು, ತೂತಿಗೆ ಸಿಕ್ಕಿಸಿಯೇ ಅಳೆದಿದ್ದು. 

ಮನೆಯಲ್ಲಿ 4.6. ಚೆಂಬೂರಿನಲ್ಲಿ ಕೆಟ್ಟಾಗ ಪೆಡಲ್ ಎತ್ತಿಕೊಂಡು ಬಂದು ಸ್ಟೂಲ್ ಮೇಲೆ ಬಿಚ್ಚಿದೆ, 7.8. ಬ್ಯಾಟರಿ 9.3 ತೋರಿಸಿತು, ಗಟ್ಟಿಯಾಗಿದೆ. ವಿಚಿತ್ರ ಏನಂದರೆ ಪ್ರೋಬ್ ಇಟ್ಟುಕೊಂಡೇ ನೋಡುತ್ತಿದ್ದೆ, 7.4, 6.9, 6.5 ಅಂತ ಇಳಿಯುತ್ತಾ ಬಂತು. ಮೀಟರೂ ಕೆಟ್ಟಿದೆಯಾ ಅಂತ ಅನುಮಾನ.

ಮಾಟುಂಗಾ_ಮಾರಾಯ | ಭಾನುವಾರ, ರಾತ್ರಿ 10:41

ಮೀಟರ್ ಬದಲಿಸಿ. ಹಾಗೇ ಆಂಪ್ ಇನ್‌ಪುಟ್ಟಿನಲ್ಲಿ ಬಫರ್ ಇದೆಯಾ ನೋಡಿ.

ಕೋಥ್ರೂಡ್_ಕೆಪಾಸಿಟರ್ | ಭಾನುವಾರ, ರಾತ್ರಿ 10:43

ತಡೆಯಿರಿ. ಎತ್ತಿಕೊಂಡು ಬಂದು ಅಂದಿರಲ್ಲ, ಎಲ್ಲಿಂದ ಎತ್ತಿಕೊಂಡು ಬಂದಿರಿ? ಪೆಡಲ್ ನೆಲದ ಮೇಲೆ ಇರೋದಿಲ್ಲವಾ?

ಚೆಂಬೂರ್_ಬಾಸ್ | ಭಾನುವಾರ, ರಾತ್ರಿ 11:15

ನಮಸ್ಕಾರ, ನಾನು ಇವನ ಬ್ಯಾಂಡಿನ ಬಾಸ್ ಗಿಟಾರಿಸ್ಟ್. ಲಿಂಕ್ ಕಳಿಸಿದ್ದ, ಇವತ್ತು ಪೂರ್ತಿ ಓದಿದೆ. ಇವನು ಪೆಡಲನ್ನು ನೆಲಕ್ಕೆ ಇಡೋದೇ ಇಲ್ಲ. ಡ್ರಮ್ಮರ್ ಒಂದು ಸಲ ಅದರ ಮೇಲೆ ಕಾಲಿಟ್ಟ ಅಂತ ಅವತ್ತಿನಿಂದ ವಾಲ್ವ್ ಹೆಡ್ ಮೇಲೆ, ಸರಿಯಾಗಿ ಆ ಜಾಲರಿ ಇರುವ ಜಾಗದಲ್ಲಿ, ಗಣಪತಿ ಕೂರಿಸಿದ ಹಾಗೆ ಕೂರಿಸುತ್ತಾನೆ. ಹೂ ಒಂದು ಬಾಕಿ.

ಕೋಥ್ರೂಡ್_ಕೆಪಾಸಿಟರ್ | ಭಾನುವಾರ, ರಾತ್ರಿ 11:18

ದೇವರೇ.

ಡೊಂಬಿವಲಿ_ಸ್ಟ್ರಾಟ್ | ಭಾನುವಾರ, ರಾತ್ರಿ 11:25

ಅದಕ್ಕೂ ಇದಕ್ಕೂ ಏನು ಸಂಬಂಧ? ಫಜ್ ಯಾವಾಗಲೂ ಆನ್ ಇರುತ್ತದೆ, ಗಿಟಾರ್ ವಾಲ್ಯೂಮಿನಲ್ಲೇ ಏರಿಸಿ ಇಳಿಸುತ್ತೇನೆ. ಕಾಲಲ್ಲಿ ಒತ್ತುವ ಕೆಲಸವೇ ಇಲ್ಲ. ಮನೆಯಲ್ಲಿ ಸಣ್ಣ ಆಂಪ್, ಪೆಡಲ್ ಮೇಜಿನ ಮೇಲೆ. ಮೇಲೆ ಇಟ್ಟರೇನು ಕೆಳಗೆ ಇಟ್ಟರೇನು?

ಕೋಥ್ರೂಡ್_ಕೆಪಾಸಿಟರ್ | ಸೋಮವಾರ, ಬೆಳಿಗ್ಗೆ 6:55

ರೂಮ್ 18 ಇರಬಹುದು ಅಣ್ಣ, ಪೆಡಲ್ ಕೂತಿರೋದು ಒಲೆ ಮೇಲೆ. ವಾಲ್ವಿನ ಬಿಸಿಗಾಳಿ ಹೊರಗೆ ಬರೋಕೆ ಇರುವ ಜಾಲರಿ ಅದು. ಲೋಹದ ಡಬ್ಬಿ ಮೆಲ್ಲಗೆ ಕಾಯುತ್ತದೆ, ಅದಕ್ಕೇ ಅರ್ಧ ಗಂಟೆ ಹಿಡಿಯುತ್ತದೆ.

ಒಳಗೆ ಆಗೋದು ಇಷ್ಟು. ಜರ್ಮೇನಿಯಂ ಟ್ರಾನ್ಸಿಸ್ಟರ್ ಸಿಗ್ನಲ್ ಇಲ್ಲದಿದ್ದರೂ ಸ್ವಲ್ಪ ಕರೆಂಟ್ ಸೋರುತ್ತದೆ, ಹಳೇ ನಲ್ಲಿ ಥರ. ಕಾವು ಹತ್ತು ಡಿಗ್ರಿ ಏರಿದರೆ ಆ ಸೋರಿಕೆ ಹೆಚ್ಚುಕಡಿಮೆ ಎರಡರಷ್ಟು. ಮೊದಲ ಟ್ರಾನ್ಸಿಸ್ಟರಿಗೆ ಕರೆಂಟ್ ಬರೋದು 33 ಕಿಲೋಓಮ್ ಮೂಲಕ. 9 ವೋಲ್ಟಿಗೆ ಅದರಲ್ಲಿ ಹರಿಯೋದೇ ಕಾಲು ಮಿಲಿಆಂಪ್ ಆಸುಪಾಸು. ಬಿಸಿಗೆ ಸೋರಿಕೆಯೇ ಅಷ್ಟನ್ನೂ ನುಂಗಿದರೆ ಎರಡನೆಯದಕ್ಕೆ ಏನೂ ಉಳಿಯೋದಿಲ್ಲ. ಅದು ಮುಚ್ಚಿಕೊಳ್ಳುತ್ತದೆ, ಅದರ ಕಲೆಕ್ಟರ್ ಬ್ಯಾಟರಿಯ ಕಡೆಗೆ ಸರಿಯುತ್ತದೆ. ನಿಮ್ಮ 7.8 ಅದೇ. ಸ್ಟೂಲ್ ಮೇಲೆ ಎಸಿ ಗಾಳಿಗೆ ತಣ್ಣಗಾಗುತ್ತಾ 6.5ಕ್ಕೆ ಬಂತು. ಮೀಟರ್ ಸರಿಯಾಗಿದೆ, ಎಸೆಯಬೇಡಿ.

ನಂಬಿಕೆ ಬರದಿದ್ದರೆ ಮನೆಯಲ್ಲೇ ನೋಡಿ. ಮೊದಲ ಟ್ರಾನ್ಸಿಸ್ಟರನ್ನು ಬೆರಳಲ್ಲಿ ಹಿಡಿದುಕೊಳ್ಳಿ, ವೋಲ್ಟೇಜ್ ಏರುತ್ತದೆ. ಫ್ರಿಜ್ಜಿನಲ್ಲಿಟ್ಟ ಸ್ಟೀಲ್ ಚಮಚದ ಬೆನ್ನು ಅದರ ತಲೆಗೆ ತಾಗಿಸಿ, ಇಳಿಯುತ್ತದೆ. ಕಾಲುಗಳಿಗೆ ಮಾತ್ರ ತಾಗಿಸಬೇಡಿ.

ಡೊಂಬಿವಲಿ_ಸ್ಟ್ರಾಟ್ | ಬುಧವಾರ, ರಾತ್ರಿ 11:40

ಚಮಚ ಕೆಲಸ ಮಾಡಿತು. ಅಮ್ಮ ಬೈದರು. ಬೆರಳು ಇಟ್ಟರೆ 4.6ರಿಂದ 5.3, ಚಮಚ ಇಟ್ಟರೆ 4.1.

ಇವತ್ತು ಪ್ರಾಕ್ಟೀಸ್‌ನಲ್ಲಿ ನೆಲದ ಮೇಲೆ ಇಟ್ಟೆ, ಸುತ್ತ ಇಟ್ಟಿಗೆ ಕೋಟೆ ಕಟ್ಟಿ. ಎರಡೂವರೆ ಗಂಟೆ ಬೆಣ್ಣೆ. ಮೂರು ವಾರ ಬೆಸುಗೆ ಹಾಕಿದ್ದು ನೆನೆದರೆ ನಾಚಿಕೆ ಆಗುತ್ತದೆ. ಆದರೆ ಶೋ ಇರೋದು ಗೋವಾದಲ್ಲಿ, ಬಯಲಲ್ಲಿ, ಸಂಜೆ 4 ಗಂಟೆಗೆ.

ಕೋಥ್ರೂಡ್_ಕೆಪಾಸಿಟರ್ | ಗುರುವಾರ, ಬೆಳಿಗ್ಗೆ 7:20

ಬಿಸಿಲಿಗೆ ಮತ್ತೆ ಅದೇ ಕಥೆ. ಮೊದಲನೆಯದನ್ನು ಕಡಿಮೆ ಸೋರುವುದಕ್ಕೆ ಬದಲಿಸಿ. ಅಳೆಯೋದು ಹೀಗೆ: 9 ವೋಲ್ಟ್, ಕಲೆಕ್ಟರಿಗೆ 2.4 ಕಿಲೋಓಮ್ ರೋಧಕ, ಬೇಸ್ ಅನ್ನೋ ಕಾಲು ಖಾಲಿ ಬಿಡಿ. ರೋಧಕದ ಮೇಲೆ ಬೀಳುವ ವೋಲ್ಟೇಜ್ ಸೋರಿಕೆಯದ್ದು. ಆಮೇಲೆ ಬೇಸಿಗೆ 2.2 ಮೆಗಾಓಮ್ ಕೊಟ್ಟು ಅಳೆಯಿರಿ. ಎರಡರ ವ್ಯತ್ಯಾಸವನ್ನು, ವೋಲ್ಟ್ ಲೆಕ್ಕದಲ್ಲಿ, ನೂರರಿಂದ ಗುಣಿಸಿದರೆ ನಿಜವಾದ ಗೇನ್. ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಹಳೇ ಸ್ಟಾಕ್ ಸಿಕ್ಕರೆ ಹತ್ತು ತನ್ನಿ, ಒಂದೆರಡು ಪಾಸಾಗಬಹುದು. ಸಿಗದಿದ್ದರೆ ಆ ದಿನಕ್ಕೆ ಸಿಲಿಕಾನ್ ಫಜ್ ಒಯ್ಯಿರಿ.

ಮಡಗಾಂವ್_ಮಫ್ | ಗುರುವಾರ, ಬೆಳಿಗ್ಗೆ 11:02

ಗೋವಾ ಅಂದರೆ ನನಗೆ ಹೇಳಬಾರದಾ? ನನ್ನ ಬಿ.ಸಿ. 108 ಸಿಲಿಕಾನ್ ಫಜ್ ಕೊಡುತ್ತೇನೆ. ಬ್ಯಾಟರಿ ಮಾತ್ರ ಕಾರ್ಬನ್ ಝಿಂಕ್.

ಮಾಟುಂಗಾ_ಮಾರಾಯ | ಗುರುವಾರ, ರಾತ್ರಿ 9:30

ಸರಿಹೋಯಿತಲ್ಲ, ಸಂತೋಷ. ಟ್ಯೂನರನ್ನು ಫಜ್ ಮುಂದೆ ಮತ್ತೆ ಸಿಕ್ಕಿಸಬೇಡಿ ಮಾತ್ರ.

ಠಾಣೆ_ಟೋನ್ | ಶುಕ್ರವಾರ, ರಾತ್ರಿ 12:08

ನನ್ನದೂ ಥೇಟ್ ಹೀಗೇ, ಅರ್ಧ ಗಂಟೆಗೆ ಪರ್ರ್. ಆದರೆ ನನ್ನದು ಸಿಲಿಕಾನ್, ನೆಲದ ಮೇಲೇ ಇರೋದು. ಏನಿರಬಹುದು?

ಮಾಟುಂಗಾ_ಮಾರಾಯ | ಶುಕ್ರವಾರ, ಬೆಳಿಗ್ಗೆ 7:01

ಮುಂದೆ ಟ್ಯೂನರ್ ಇದೆಯಾ ಮಾರಾಯ್ರೆ?