ಸಹಾಯ ಬೇಕು: ಆಲಿಸ್ ಕಥೆ ಬರೆದವರ ತರ್ಕದ ಆಟ ಕನ್ನಡದಲ್ಲಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 11 ವರ್ಷ. ಈ ರಜೆಯಲ್ಲಿ ಆಲಿಸ್‌ಳ ಎರಡೂ ಕಥೆ, 1865ರದ್ದು ಮತ್ತು 1871ರದ್ದು, ಒಟ್ಟಿಗೆ ಓದಿದೆವು. ಬರೆದ ಲೂಯಿಸ್ ಕ್ಯಾರಲ್ ಆಕ್ಸ್‌ಫರ್ಡಿನಲ್ಲಿ ಗಣಿತದ ಮೇಷ್ಟ್ರು, ತರ್ಕದ ಆಟವೊಂದನ್ನೂ ಮಾಡಿದ್ದರು ಅಂದೆ. ಅದನ್ನೂ ಆಡಲೇಬೇಕು ಅಂತ ಹಟ ಹಿಡಿದಳು.

ರಟ್ಟಿನ ಮೇಲೆ ಚೌಕ ಬರೆದುಕೊಂಡಿದ್ದೇವೆ. ಒಂಬತ್ತು ಬಿಲ್ಲೆ ಬೇಕು, ನಾಲ್ಕು ಒಂದು ಬಣ್ಣ, ಐದು ಇನ್ನೊಂದು. ಕೆಂಪು ಇಟ್ಟರೆ ಆ ಮನೆಯಲ್ಲಿ ಏನೋ ಇದೆ, ಬೂದು ಇಟ್ಟರೆ ಖಾಲಿ. ನಮ್ಮಲ್ಲಿ ಕೆಂಪು ಗುಂಡಿ ಮತ್ತು ಹುಣಸೆಬೀಜ!

ಒಂದೊಂದು ವಾಕ್ಯವನ್ನೂ ಹೀಗೆ ಬಿಲ್ಲೆ ಇಟ್ಟು ತೋರಿಸುವುದೇ ಆಟ. ತೊಡಕು ಆ ವಾಕ್ಯಗಳ ಒಂದು ಪದದ್ದು. ಇಂಗ್ಲಿಷಿನ 'ಸಮ್' (some) ಅಂದರೆ 'ಒಂದು ಅಥವಾ ಜಾಸ್ತಿ' ಅಂತ ಕ್ಯಾರಲ್ ಹೇಳುತ್ತಾರೆ. ನಾನು 'ಕೆಲವು ಮಾವು ಹುಳಿ' ಅಂತ ಬರೆದೆ. "ಕೆಲವು ಅಂದ್ರೆ ಎರಡು ಮೂರಾದರೂ ಇರಬೇಕು, ಒಂದೇ ಇದ್ರೆ?" ಅಂದಳು. ಸರಿಯಾದ ಪ್ರಶ್ನೆ ಅಲ್ವಾ? ಉಳಿದವು ಸಿಹಿ ಅನ್ನೋ ಧ್ವನಿಯೂ ಬರುತ್ತದೆ. 'ಒಂದಾದರೂ' ಅಂದರೆ ಅರ್ಥ ಸರಿ, ಆದರೆ ವಾಕ್ಯ ಓಡುವುದಿಲ್ಲ.

ತರ್ಕ ಪಾಠ ಮಾಡುವವರು ಇದ್ದರೆ ದಯವಿಟ್ಟು ಹೇಳಿ, ನೀವು ಏನು ಬಳಸುತ್ತೀರಿ? ಆಲಿಸ್ ಕಥೆಯನ್ನು ನಾ. ಕಸ್ತೂರಿಯವರು ಕನ್ನಡಕ್ಕೆ ತಂದ 'ಪಾತಾಳದಲ್ಲಿ ಪಾಪಚ್ಚಿ' ಪುಸ್ತಕ ಎಲ್ಲಿ ಸಿಗುತ್ತದೆ ಅಂತಲೂ ತಿಳಿಸಿ. ಹಳೆಯ ಪ್ರತಿಯಾದರೂ ಪರವಾಗಿಲ್ಲ, ಅಂಚೆ ಖರ್ಚು ನಾನೇ ಕೊಡುತ್ತೇನೆ.